ಬಿರುಕನ್ನು ಬಚ್ಚಿಡದ ಕಪಾಟು

ಕಾಡಿನ ಮಾತಾಡುವ ಈ ಪುಟಗಳಲ್ಲಿ ಕಪಾಟಿನ ಕಥೆ ಏಕೆಂದು ಓದುಗರು ಕೇಳಬಹುದು. ಮರದ ಪ್ರಶ್ನೆ ಕೊಡಲಿ ಬಿದ್ದಲ್ಲಿಗೆ ಮುಗಿಯುವುದಿಲ್ಲ. ಉರುಳಿದ ಮರ ಏನಾಯಿತು, ಎಷ್ಟು ತಲೆಮಾರು ಬಾಳಿತು ಎಂಬುದೂ ನಮ್ಮದೇ ಪ್ರಶ್ನೆ. ಅದಕ್ಕೆ ತಮ್ಮ ಕೈಕೆಲಸದಲ್ಲಿಯೇ ಉತ್ತರ ಕೊಟ್ಟವರು ಅಮೆರಿಕದ ಜಾರ್ಜ್ ನಕಾಶಿಮಾ.

ಜಪಾನಿ ವಲಸಿಗರ ಮಗನಾಗಿ 1905ರಲ್ಲಿ ಜನಿಸಿದ ಅವರು ಮೊದಲು ಓದಲು ಹೊರಟದ್ದು ಅರಣ್ಯಶಾಸ್ತ್ರವನ್ನು. ಬಳಿಕ ವಾಸ್ತುಶಿಲ್ಪಕ್ಕೆ ಹೊರಳಿದರು. 1930ರ ದಶಕದ ಕೊನೆಯಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದ ಗೋಲ್ಕೊಂಡ ವಸತಿಗೃಹದ ನಿರ್ಮಾಣದಲ್ಲಿ ದುಡಿದರು. ಆಶ್ರಮವಾಸಿಯಾಗಿ ‘ಸುಂದರಾನಂದ’ ಎಂಬ ಹೆಸರನ್ನೂ ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರವು ಜಪಾನಿ ಮೂಲದ ತನ್ನದೇ ಪ್ರಜೆಗಳನ್ನು ಬಂಧನ ಶಿಬಿರಗಳಿಗೆ ಅಟ್ಟಿತು. 1942ರಲ್ಲಿ ನಕಾಶಿಮಾ ಹೆಂಡತಿ ಮತ್ತು ಹಸುಗೂಸಿನೊಡನೆ ಇಡಾಹೊ ರಾಜ್ಯದ ಮಿನಿಡೋಕಾ ಶಿಬಿರ ಸೇರಬೇಕಾಯಿತು. ಅಲ್ಲಿ ಗೆಂಟಾರೊ ಹಿಕೊಗಾವಾ ಎಂಬ ಬಡಗಿಯಿಂದ ಜಪಾನಿ ಮರಗೆಲಸ ಕಲಿತರು. ಕೈಗೆ ಸಿಗುತ್ತಿದ್ದುದು ಚೂರುಪಾರು ಮರ. ಏನನ್ನೂ ಬಿಸಾಡದ ಅಭ್ಯಾಸ ಆ ಬೇಲಿಯೊಳಗೇ ಬಲಿತಿರಬೇಕು. 1943ರಲ್ಲಿ ಬಿಡುಗಡೆಯಾಗಿ ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ನಲ್ಲಿ ನೆಲೆಸಿದರು. 1990ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ದುಡಿದರು.

ಅವರ ಕಪಾಟು ನೋಡಲು ಸರಳ. ಕರಿ ಅಕ್ರೋಟು ಮರದ ದಪ್ಪ ಹಲಗೆಗಳ ಪೆಟ್ಟಿಗೆ, ಪಕ್ಕಕ್ಕೆ ಸರಿಯುವ ಬಾಗಿಲುಗಳು. ಎಷ್ಟೋ ಕಪಾಟುಗಳಲ್ಲಿ ಬಾಗಿಲಿನ ಮರದ ಜಾಲರಿಯ ಹಿಂದೆ, ನಮ್ಮ ಕೇದಗೆಯ ಕುಲದ ಗಿಡದ ನಾರಿನಿಂದ ನೇಯ್ದ ಬಟ್ಟೆ. ಮೂಲೆಗಳಲ್ಲಿ ಹಲಗೆಗೆ ಹಲಗೆ ಕಚ್ಚಿಕೊಂಡಿದೆ. ಆ ಕಚ್ಚನ್ನು ಮರೆಮಾಡಿಲ್ಲ. ಹಲಗೆಯ ಅಂಚು ಕೆಲವೊಮ್ಮೆ ಮರ ಬೆಳೆದ ಡೊಂಕಿನಲ್ಲಿಯೇ ಉಳಿದಿದೆ. ಬಿರುಕಿದ್ದಲ್ಲಿ ಅದನ್ನು ಕತ್ತರಿಸಿ ಎಸೆಯದೆ, ಚಿಟ್ಟೆಯಾಕಾರದ ಬೆಣೆ ಕೂರಿಸಿ ಹಿಡಿದು ನಿಲ್ಲಿಸಿದ್ದಾರೆ. ವ್ಯಾಪಾರಿಗಳು ಬೇಡವೆಂದ ಗಂಟು-ಬಿರುಕುಗಳ ದಿಮ್ಮಿಯನ್ನೂ ಅವರು ಆರಿಸಿ ತರುತ್ತಿದ್ದರು. ಒಂದೇ ದಿಮ್ಮಿಯ ಹಲಗೆಗಳನ್ನು ಒಟ್ಟಿಗೇ ಇರಿಸಿ ವರ್ಷಗಟ್ಟಲೆ ಒಣಗಿಸುತ್ತಿದ್ದರು.

ಅದೇ ಕಾಲದಲ್ಲಿ ಯುರೋಪು, ಅಮೆರಿಕಗಳ ಕಾರ್ಖಾನೆಗಳೂ ‘ಸರಳ’ ಕಪಾಟುಗಳನ್ನು ತಯಾರಿಸಿದವು. ಅವುಗಳಲ್ಲಿ ಅನೇಕಕ್ಕೆ ಹೊದಿಸಿದ್ದು ಬ್ರೆಜಿಲ್ಲಿನ ರೋಸ್‌ವುಡ್ ಮರದ ತೆಳುಹಾಳೆ. ಹಾಳೆ ತೆಳುವಾಗಿದ್ದರೂ ಹಸಿವು ತೆಳುವಾಗಿರಲಿಲ್ಲ. ಆ ಮರ ಅಳಿವಿನಂಚಿಗೆ ಬಂದು, 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಬೇಕಾಯಿತು. 2017ರಲ್ಲಿ ಅದರ ಕುಲದ ಉಳಿದ ಮರಗಳ ವ್ಯಾಪಾರವೂ ನಿಯಂತ್ರಣಕ್ಕೆ ಒಳಪಟ್ಟಿತು. ಆ ಕುಲದಲ್ಲಿ ನಮ್ಮ ಘಟ್ಟದ ಬೀಟೆಯೂ ಇದೆ.

ನಕಾಶಿಮಾರನ್ನು ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ಅವರ ಕಪಾಟುಗಳು ಇಂದು ಹರಾಜಿನಲ್ಲಿ ಸಿರಿವಂತರ ಸೊತ್ತಾಗಿವೆ. ಮರದ ಮೇಲಿನ ಪ್ರೀತಿಯೊಂದೇ ಕಾಡನ್ನು ಕಾಯುವುದೂ ಇಲ್ಲ. ಅವರ ಬೆಣೆಗಳಲ್ಲಿಯೂ ಎಷ್ಟೋ ರೋಸ್‌ವುಡ್ಡಿನವೇ. ಆದರೆ ಅವರು ಹಿಡಿದ ಅಳತೆಗೋಲು ನಮಗೆ ಬೇಕು: ಮರ ಬೆಳೆಯಲು ಹಿಡಿದಷ್ಟು ಕಾಲವಾದರೂ ಅದರಿಂದಾದ ವಸ್ತು ಬಾಳಬೇಕು. ಬಾಳದಿದ್ದರೆ ಆ ಕಡಿತ ಮೊಮ್ಮಕ್ಕಳ ಹೆಸರಿನಲ್ಲಿ ಮಾಡಿದ ಸಾಲ.

ಮಲೆನಾಡಿನ ಹಳೆಯ ಮನೆಗಳಲ್ಲಿ ಬೀಟೆಯ, ಸಾಗುವಾನಿಯ ಕಪಾಟುಗಳು ಇನ್ನೂ ಇವೆ. ಬಾಗಿಲು ಜೋತಿತೆಂದು ಅವುಗಳನ್ನು ಮಾರಿ, ಮರದ ಪುಡಿ ಒತ್ತಿ ಮಾಡಿದ ಹಲಗೆಯ ಕಪಾಟು ತಂದರೆ, ಮಳೆಗಾಲದ ತೇವಕ್ಕೆ ಅದು ಬೇಗನೆ ಉಬ್ಬಿ ಬಿರಿಯುತ್ತದೆ. ಮಾರುವ ಮುನ್ನ ಊರಿನ ಆಚಾರಿಯನ್ನು ಕರೆಸಿ. ಒಂದು ಬೆಣೆ ಸಾಕಾದೀತು. ವಿದ್ಯಾರ್ಥಿಗಳು ಆಗ ಪಕ್ಕದಲ್ಲಿ ನಿಂತು ನೋಡಲಿ.