‘ಹೆಣ್ಣು ನೋಡ್ತಿದೀರಾ?’

ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್‌ನಲ್ಲಿ ‘ಹಾರ್ವೆ ಮಿಲ್ಕ್’ ಎಂಬ ದಪ್ಪಕ್ಷರ ಕಂಡಾಗ, ನಮ್ಮ ನಂದಿನಿಯ ಹಾಗೆ ಇಲ್ಲಿಯದೂ ಒಂದು ಡೇರಿ ಇರಬೇಕು ಅಂದುಕೊಂಡೆ. ಮಗ ನಕ್ಕುಬಿಟ್ಟ. ‘ಅಮ್ಮ, ಅದು ಹಾಲಲ್ಲ, ಆಳು. ಈ ಊರಿನ ಕಾರ್ಪೊರೇಟರ್ ಆಗಿದ್ದ.’ ಕಾರ್ಪೊರೇಟರ್ ಹೆಸರನ್ನು ವಿಮಾನ ನಿಲ್ದಾಣಕ್ಕೆ ಇಡುತ್ತಾರೆಯೇ? ನಮ್ಮಲ್ಲಿ ಬಸ್ ತಂಗುದಾಣದ ಮೇಲೆ ಇರುತ್ತದೆ, ಅದೂ ಅವರೇ ಬರೆಸಿಕೊಂಡದ್ದು. ಮಗ ಸ್ವಲ್ಪ ತಡೆದು, ‘ನನ್ನ ಥರದವನು’ ಎಂದ.

ನನ್ನ ಮಗ ಸಲಿಂಗಿ. 2018ರ ಸೆಪ್ಟೆಂಬರ್‌ನಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟ ವಾರ ಫೋನಿನಲ್ಲಿ ಹೇಳಿದ. ನಾನು ಒಲೆಯ ಮೇಲೆ ಸಾರಿಟ್ಟಿದ್ದೆ. ಅದು ಸೀದುಹೋಯಿತು ಎನ್ನುವುದಷ್ಟೇ ಆ ಸಂಜೆಯಿಂದ ಸ್ಪಷ್ಟವಾಗಿ ನೆನಪಿರುವುದು.

ಮಿಲ್ಕ್ ನ್ಯೂಯಾರ್ಕ್ ಕಡೆಯವನು. 1930ರಲ್ಲಿ ಹುಟ್ಟಿದ್ದು; ನೌಕಾಪಡೆ, ಶಾಲೆ, ವಿಮಾ ಕಂಪನಿ, ಷೇರುಪೇಟೆ ಎಲ್ಲ ತಿರುಗಿ, ನಲವತ್ತು ದಾಟಿದ ಮೇಲೆ ಕ್ಯಾಸ್ಟ್ರೊ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟ. ವ್ಯಾಪಾರಕ್ಕಿಂತ ಮಾತೇ ಜಾಸ್ತಿ. 1973, 1975ರಲ್ಲಿ ನಗರಸಭೆಗೆ ನಿಂತು ಸೋತ, 1976ರಲ್ಲಿ ರಾಜ್ಯದ ಶಾಸನಸಭೆಗೆ ನಿಂತು ಮತ್ತೆ ಸೋತ. ನಗರಸಭೆಗೆ ಆಗ ಇಡೀ ನಗರವೇ ಒಂದು ಕ್ಷೇತ್ರ. ವಾರ್ಡುವಾರು ಚುನಾವಣೆ ಬಂದದ್ದೇ ತಡ, 1977ರಲ್ಲಿ ಗೆದ್ದ. ಅಂಗಡಿಗೆ ಬಂದುಹೋಗುತ್ತಿದ್ದವರು, ಬೀದಿಯ ವ್ಯಾಪಾರಿಗಳು, ಲಾರಿ ಚಾಲಕರ ಸಂಘದವರು ಅವನನ್ನು ಬಲ್ಲವರಾಗಿದ್ದರು. (2020ರಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಒಬ್ಬ ಕಾರ್ಪೊರೇಟರೂ ಇಲ್ಲದೆ ಕಳೆದ ಬೆಂಗಳೂರಿನವರಿಗೆ ಇದರ ಬೆಲೆ ಗೊತ್ತಿರಬೇಕು.)

ಅಧಿಕಾರದಲ್ಲಿ ಇದ್ದದ್ದು ಹನ್ನೊಂದು ತಿಂಗಳೂ ಇಲ್ಲ. ಅಷ್ಟರಲ್ಲಿ ಸಲಿಂಗಿಗಳನ್ನು ಕೆಲಸದಿಂದ, ಬಾಡಿಗೆ ಮನೆಯಿಂದ ಹೊರಹಾಕದಂತೆ ನಗರದ ಕಾನೂನು ತಂದ. ಆದರೆ ಜನರ ಬಾಯಲ್ಲಿ ಉಳಿದದ್ದು ಇನ್ನೊಂದು: ನಾಯಿ ಹೇತರೆ ಸಾಕಿದವರೇ ಬಳಿಯಬೇಕು ಎಂಬ ನಿಯಮ. ಪತ್ರಕರ್ತರನ್ನು ಪಾರ್ಕಿಗೆ ಕರೆದು, ಕ್ಯಾಮೆರಾ ಮುಂದೆ ಬೇಕೆಂದೇ ಅದನ್ನು ತುಳಿದು ತೋರಿಸಿದನಂತೆ. ನನಗೆ ಆತ ಇಷ್ಟವಾದದ್ದು ಇಲ್ಲಿಯೇ.

ಮನಸ್ಸಿಗೆ ನಾಟಿದ್ದು ಮಾತ್ರ ಬೇರೆ. 1978ರಲ್ಲಿ ಜಾನ್ ಬ್ರಿಗ್ಸ್ ಎಂಬ ರಾಜ್ಯ ಸೆನೆಟರ್, ಸಲಿಂಗಿ ಶಿಕ್ಷಕರನ್ನು ಸರ್ಕಾರಿ ಶಾಲೆಗಳಿಂದ ತೆಗೆದುಹಾಕುವ ಪ್ರಸ್ತಾವವನ್ನು ಮತಕ್ಕೆ ಹಾಕಿಸಿದ. ಮಿಲ್ಕ್ ಊರೂರು ಅಲೆದು ಅವನ ಜೊತೆ ವಾದಕ್ಕೆ ಕೂತ. ತನ್ನವರಿಗೆ ಹೇಳಿದ್ದು ಒಂದೇ: ಅಪ್ಪ ಅಮ್ಮನಿಗೆ, ನೆಂಟರಿಗೆ, ಜೊತೆ ಕೆಲಸ ಮಾಡುವವರಿಗೆ, ದಿನಸಿ ಅಂಗಡಿಯವನಿಗೆ ಹೇಳಿ, ಗೊತ್ತಿದ್ದವರ ವಿರುದ್ಧ ಮತ ಹಾಕುವುದು ಕಷ್ಟ. ಶುರುವಿನಲ್ಲಿ ಗೆಲ್ಲುವಂತಿದ್ದ ಪ್ರಸ್ತಾವ ನವೆಂಬರ್ 7ರಂದು ಹತ್ತು ಲಕ್ಷಕ್ಕೂ ಹೆಚ್ಚು ಮತಗಳಿಂದ ಬಿದ್ದುಹೋಯಿತು. ಇಪ್ಪತ್ತೇ ದಿನ. 27ರಂದು, ರಾಜೀನಾಮೆ ಕೊಟ್ಟು ಮತ್ತೆ ಸ್ಥಾನ ಕೇಳುತ್ತಿದ್ದ ಮಾಜಿ ಸಹಸದಸ್ಯ ಡ್ಯಾನ್ ವೈಟ್, ಮೇಯರ್ ಮಾಸ್ಕೋನಿಯವರನ್ನೂ ಮಿಲ್ಕ್‌ನನ್ನೂ ನಗರಸಭೆ ಕಟ್ಟಡದಲ್ಲೇ ಗುಂಡಿಟ್ಟು ಕೊಂದ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ನಮ್ಮಲ್ಲೊಬ್ಬರು ಡ್ರಾಯಿಂಗ್ ಮೇಷ್ಟ್ರಿದ್ದರು. ಅವರ ನಡಿಗೆ, ಕೈತಿರುವು ನೋಡಿ ಸ್ಟಾಫ್ ರೂಮಿನಲ್ಲಿ ಅಡ್ಡಹೆಸರಿಟ್ಟಿದ್ದರು. ಪೋಷಕರೊಬ್ಬರು ಏನೋ ಗುಸುಗುಸು ಎಬ್ಬಿಸಿದರು, ವಿಚಾರಣೆಯಿಲ್ಲ, ಆರೋಪಪತ್ರವಿಲ್ಲ. ದಸರಾ ರಜೆ ಮುಗಿದು ಹೋದಾಗ ಅವರ ಕುರ್ಚಿಯಲ್ಲಿ ಬೇರೆಯವರಿದ್ದರು. ಅಡ್ಡಹೆಸರು ನಾನಿಟ್ಟದ್ದಲ್ಲ. ನಕ್ಕಿದ್ದೆ. ಆಗ ನನ್ನ ಮಗ ಅದೇ ಶಾಲೆಯಲ್ಲಿ ಎಂಟನೇ ಕ್ಲಾಸು, ಮೇಷ್ಟ್ರ ಮೆಚ್ಚಿನ ಶಿಷ್ಯ. ಅಂದು ಮನೆಗೆ ಬಂದವನು ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ. ಯಾಕೆಂದು ನಾನು ಕೇಳಲಿಲ್ಲ.

ಮಿಲ್ಕ್ ಮಾತಿಗೆ ನನ್ನದೊಂದು ತಕರಾರಿದೆ. ಹೇಳುವ ಹೊರೆಯನ್ನೆಲ್ಲ ಆತ ಮಕ್ಕಳ ತಲೆಗೇ ಕಟ್ಟಿದ. ನಮ್ಮ ದೇಶದಲ್ಲಿ ಮಗ ಒಮ್ಮೆ ಹೇಳಿದರೆ ಮುಗಿಯುವುದಿಲ್ಲ. ಆ ಗುಟ್ಟು ಅಪ್ಪ ಅಮ್ಮನ ಕೊರಳಿಗೆ ಬಿದ್ದು ಅಲ್ಲೇ ಕೂತುಬಿಡುತ್ತದೆ. ಮಗ ‘ಪ್ರಾಜೆಕ್ಟ್‌ನಲ್ಲಿ ಬಿಜಿ’, ‘ಇನ್ನೂ ಮನಸ್ಸು ಮಾಡಿಲ್ಲ’ ಎಂದು ವರ್ಷಗಟ್ಟಲೆ ಸುಳ್ಳು ಹೇಳಿದವಳು ನಾನೇ. ಜಾತಕ ಕೇಳಿದವರಿಗೆ ನನ್ನವರು ಕೊಟ್ಟೂ ಕಳಿಸಿದ್ದರು. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥವರ ಮದುವೆಗೆ ಮಾನ್ಯತೆ ಕೊಡಲು ಒಪ್ಪದೆ, ಅದು ಸಂಸತ್ತಿನ ಕೆಲಸ ಎಂದಿತು. ಸಂಸತ್ತಿಗೆ ಕಳಿಸುವವರು ಛತ್ರದಲ್ಲಿ ನಮ್ಮ ಪಕ್ಕದ ಎಲೆಗೆ ಕೂರುವವರೇ ತಾನೆ? ಅವರಿಗೆ ಇದುವರೆಗೆ ಅಂಥವರೊಬ್ಬರೂ ಗೊತ್ತಿಲ್ಲ. ಗೊತ್ತಿಲ್ಲದಂತೆ ನೋಡಿಕೊಂಡವರು ನಾವು, ಹೆತ್ತವರು.

ಹೋದ ತಿಂಗಳು ನಾದಿನಿಯ ಮೊಮ್ಮಗಳ ಮದುವೆ. ಎರಡನೇ ಪಂಕ್ತಿ. ಎಡಗಡೆ ಕೂತ ದೊಡ್ಡತ್ತೆ ಎಂದಿನಂತೆ, ‘ಹೆಣ್ಣು ನೋಡ್ತಿದೀರಾ?’ ಎಂದರು.

‘ಇಲ್ಲ ಅತ್ತೆ. ಅವನ ಜೊತೆಗೊಬ್ಬ ಹುಡುಗ ಇದಾನೆ. ಆರು ವರ್ಷ ಆಯ್ತು.’

ಬಲಗಡೆ ಕೂತಿದ್ದವರು ಪಾಯಸ ಬರುವ ಮೊದಲೇ ಕೈ ತೊಳೆಯಲು ಎದ್ದರು. ಅತ್ತೆ ಹೋಳಿಗೆಯನ್ನು ಎಲೆಯ ಮೇಲೇ ಎರಡು ಸಲ ಆಚೀಚೆ ಸರಿಸಿ, ಬಡಿಸುವವನಿಗೆ ತುಪ್ಪ ಸಾಕು ಎಂದು ಕೈ ಅಡ್ಡ ಹಿಡಿದು, ಆಮೇಲೆ ಕೇಳಿದರು.

‘ಯಾವೂರವನಂತೆ?’