ಆಟದಲ್ಲಿ ಸುರಿದ ಕಣ್ಣೀರು

ಕಳೆದ ಬೇಸಗೆಯಲ್ಲಿ ನಾವು ಹುಳಿಯಾರಿನ ಸಮೀಪದ ಕೆಂಕೆರೆಯಲ್ಲಿ ಮಿತ್ರರೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆವು. ತೆಂಗಿನ ಸೀಮೆಯ ಮನೆ ಹೇಗಿರುವುದೋ ಹಾಗೆಯೇ ಇತ್ತು: ಅಟ್ಟದ ತುಂಬ ಕೊಬ್ಬರಿಗೆಂದು ಏರಿಸಿದ ಕಾಯಿ, ಹಿತ್ತಿಲಲ್ಲಿ ಮಟ್ಟೆಯ ರಾಶಿ, ಹಿರಿಯರ ಬಾಯಲ್ಲಿ ತಿಪಟೂರು ಮಾರುಕಟ್ಟೆಯ ಧಾರಣೆಯ ಮಾತು. ಮಧ್ಯಾಹ್ನದ ಊಟವಾಗಿ ಎಲ್ಲರೂ ನಡುಮನೆಯಲ್ಲಿ ಕುಳಿತಿದ್ದಾಗ ಒಳಕೋಣೆಯಿಂದ ಬಿಕ್ಕುವ ಸದ್ದು ಕೇಳಿಸಿತು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಿತ್ರರ ಮಗ ರಜೆಗೆಂದು ಊರಿಗೆ ಬಂದಿದ್ದ. ಲ್ಯಾಪ್‌ಟಾಪಿನ ಮುಂದೆ ಕುಳಿತು ಅಳುತ್ತಿದ್ದ.

ಅಜ್ಜಿ ಗಾಬರಿಯಿಂದ ಎದ್ದು ಹೋದರು. "ಯಾಕಪ್ಪಾ ಅಳ್ತೀಯಾ? ಯಾರಾದ್ರೂ ಹೋದ್ರಾ?"

"ಹೂಂ ಅಜ್ಜಿ, ಹೋದ."

"ಯಾರಪ್ಪಾ?"

ಹುಡುಗ ಉತ್ತರಿಸಲಿಲ್ಲ. ಅವನ ತಂದೆ ನಗುತ್ತ ಹೇಳಿದರು: "ಅದು ಗೇಮು ಕಣಮ್ಮ. ಅದರೊಳಗೆ ಒಬ್ಬ ಕಳ್ಳ ಸತ್ತನಂತೆ. ಅದಕ್ಕೇ ಈ ರಂಪ." ಎಲ್ಲರೂ ನಕ್ಕರು. ನಾವೂ ನಕ್ಕೆವು.

ನಕ್ಕದ್ದು ಸರಿಯಲ್ಲವೆಂದು ಸ್ವಲ್ಪ ಹೊತ್ತಿನ ಮೇಲೆ ನಮಗೆ ತೋರಿತು. ಹರಿಶ್ಚಂದ್ರನ ನಾಟಕದಲ್ಲಿ ಸ್ಮಶಾನದ ದೃಶ್ಯ ಬಂದಾಗ ಕಣ್ಣೊರಸಿಕೊಳ್ಳದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ ಇದ್ದಾರು? ೧೯೬೫ರಲ್ಲಿ ರಾಜಕುಮಾರರು ಅಭಿನಯಿಸಿದ 'ಸತ್ಯ ಹರಿಶ್ಚಂದ್ರ' ಚಲನಚಿತ್ರವನ್ನು ನೋಡಿ ಬಂದವರು ತಾವು ಅತ್ತದ್ದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಆ ಕಥೆಯಾದರೂ ಏನು? ಶಿಶುಹತ್ಯೆಯ ಅಪವಾದ ಹೊತ್ತ ಹೆಂಗಸೊಬ್ಬಳು. ಅವಳ ಶಿರವನ್ನು ಕಡಿಯಬೇಕೆಂಬ ರಾಜಾಜ್ಞೆ. ಕತ್ತಿ ಹಿಡಿದು ನಿಂತವನು ಅವಳ ಗಂಡನೇ. ಅಪರಾಧ, ಆರೋಪ, ಶಿಕ್ಷೆ, ಇವೇ ಅಲ್ಲಿಯೂ ಕಥೆಯ ಮೂಳೆ. ರಂಗದ ಮುಂದೆ ಅತ್ತವನು ಸಹೃದಯನೆನಿಸಿದರೆ ಲ್ಯಾಪ್‌ಟಾಪಿನ ಮುಂದೆ ಅತ್ತವನು ಹುಚ್ಚನೆನಿಸುವುದೇತಕ್ಕೆ?

ಆ ಆಟದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಅದರ ಹೆಸರು 'ರೆಡ್ ಡೆಡ್ ರಿಡೆಂಪ್ಷನ್ ೨'. ರಾಕ್‌ಸ್ಟಾರ್ ಸಂಸ್ಥೆಯು ೨೦೧೮ರಲ್ಲಿ ಹೊರತಂದುದು. ಕಥೆ ನಡೆಯುವುದು ೧೮೯೯ರ ಅಮೆರಿಕದಲ್ಲಿ. ದರೋಡೆಕೋರರ ತಂಡವೊಂದರ ಬಂಟ ಆರ್ಥರ್ ಮಾರ್ಗನ್ ಎಂಬವನನ್ನು ಆಡುವವನು ತನ್ನ ಕೈಯಿಂದ ನಡೆಸಬೇಕು. ತಂಡದವರು ಬಡವರಿಗೆ ಬಡ್ಡಿಯ ಮೇಲೆ ಹಣ ಕೊಡುತ್ತಾರೆ. ಅದನ್ನು ವಸೂಲು ಮಾಡುವ ಕೆಲಸ ಆರ್ಥರನದು. ಹೀಗೆ ಒಂದು ದಿನ ಥಾಮಸ್ ಡೌನ್ಸ್ ಎಂಬ ಬಡ ಒಕ್ಕಲಿನವನ ಹೊಲಕ್ಕೆ ಅವನು ಹೋಗುತ್ತಾನೆ. ಒಕ್ಕಲಿನವನು ರೋಗಿ. ಅವನನ್ನು ಬೇಲಿಗೆ ಒತ್ತಿ ಹಿಡಿದು ಹೊಡೆಯುವಾಗ ಅವನು ಕೆಮ್ಮುತ್ತಾನೆ. ರಕ್ತ ಆರ್ಥರನ ಮುಖಕ್ಕೆ ಸಿಡಿಯುತ್ತದೆ. ಒಕ್ಕಲಿನವನು ಮುಂದೆ ಸಾಯುತ್ತಾನೆ, ಅವನ ಹೆಂಡತಿ ಮಗ ಬೀದಿಪಾಲಾಗುತ್ತಾರೆ. ಎಷ್ಟೋ ಕಾಲವಾದ ಮೇಲೆ ಆರ್ಥರನೂ ಕೆಮ್ಮಲು ತೊಡಗುತ್ತಾನೆ. ವೈದ್ಯನು ಕ್ಷಯವೆಂದು ಹೇಳುತ್ತಾನೆ. ಕೊಬ್ಬರಿಯ ಧಾರಣೆ ಕುಸಿದ ವರ್ಷ ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಲ್ಲುವುದೆಂದರೇನೆಂಬುದನ್ನು ಕೆಂಕೆರೆಯವರಿಗೆ ವಿವರಿಸಬೇಕಾದದ್ದಿಲ್ಲ. ಈ ಆಟವು ವಯಸ್ಕರಿಗೆಂದು ಗುರುತು ಹೊತ್ತು ಬಂದದ್ದೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಪ್ರೌಢಶಾಲೆಯ ವಿದ್ಯಾರ್ಥಿಗಳು ಇದನ್ನು ಆಡಲೆಂದು ನಾವು ಬರೆಯುತ್ತಿಲ್ಲ.

ಇಲ್ಲದ ಮನುಷ್ಯನಿಗಾಗಿ ಅಳುವುದು ವಿಚಿತ್ರವೆನಿಸಬಹುದು. ಆದರೆ ಮನುಷ್ಯನ ಮನಸ್ಸಿಗೆ ಇದಕ್ಕೆ ಬಹಳ ಸಾಮಗ್ರಿ ಬೇಕಾಗಿಲ್ಲ. ೧೯೪೪ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಎಂಬ ಮನೋವಿಜ್ಞಾನಿಗಳು ಒಂದು ಪುಟ್ಟ ಚಲಚ್ಚಿತ್ರವನ್ನು ರಚಿಸಿದರು. ಅದರಲ್ಲಿದ್ದುದು ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ, ಬಾಗಿಲುಳ್ಳ ಒಂದು ಚೌಕಟ್ಟು, ಅಷ್ಟೇ. ಅವು ಅತ್ತಿತ್ತ ಚಲಿಸುವುದನ್ನು ೩೪ ಮಂದಿಗೆ ತೋರಿಸಿ, ಕಂಡದ್ದನ್ನು ಬರೆಯಿರೆಂದು ಹೇಳಿದರು. ರೇಖಾಗಣಿತದ ಭಾಷೆಯಲ್ಲಿ ಬರೆದವರು ಒಬ್ಬರೇ. ಉಳಿದವರೆಲ್ಲ ಅವುಗಳಲ್ಲಿ ಜೀವವನ್ನು ಕಂಡರು: ದೊಡ್ಡದು ಪುಂಡ, ಚಿಕ್ಕವೆರಡು ಅದರಿಂದ ತಪ್ಪಿಸಿಕೊಳ್ಳುವ ಬಡಪಾಯಿಗಳು. ತ್ರಿಕೋನದ ಕಷ್ಟಕ್ಕೆ ಮರುಗುವ ಮನಸ್ಸು, ಮುಖ ದನಿ ನಡಿಗೆಗಳುಳ್ಳ ಆರ್ಥರನಿಗೆ ಮರುಗಿದರೆ ಆಶ್ಚರ್ಯವೇನು?

ನಮ್ಮ ಪೂರ್ವಿಕರು ಈ ವಿಷಯವನ್ನು ಕರುಣರಸದ ಹೆಸರಿನಲ್ಲಿ ಬಹು ಸೂಕ್ಷ್ಮವಾಗಿ ಚರ್ಚಿಸಿರುವರು. ಆ ಚರ್ಚೆಯನ್ನು ಕನ್ನಡಿಗರಿಗೆ ತಿಳಿಯಾಗಿ ತಿಳಿಸಿದ 'ಭಾರತೀಯ ಕಾವ್ಯಮೀಮಾಂಸೆ'ಯ ಕರ್ತೃ ತೀ. ನಂ. ಶ್ರೀಕಂಠಯ್ಯನವರು ಇದೇ ಚಿಕ್ಕನಾಯಕನಹಳ್ಳಿ ಸೀಮೆಯ ತೀರ್ಥಪುರದವರೆಂಬುದು ನಮಗೆ ಆ ಮಧ್ಯಾಹ್ನ ನೆನಪಾಯಿತು. ಪ್ರೇಕ್ಷಕನ ದುಃಖವು ತನ್ನದೂ ಅಲ್ಲ, ಪರರದೂ ಅಲ್ಲ. ತನ್ನದು ಪರರದೆಂಬ ಗೆರೆ ಅಳಿದಾಗಲೇ ಅದು ರಸವಾಗುವುದು ಎಂಬುದು ಆ ಮೀಮಾಂಸೆಯ ತಿರುಳು. ನಾಟಕಕ್ಕೆ ಈ ಮಾತು ಒಪ್ಪುತ್ತದೆ. ಆದರೆ ಆಟಕ್ಕೆ ಪೂರ್ತಿಯಾಗಿ ಒಪ್ಪುವುದಿಲ್ಲವೆಂದು ನಮ್ಮ ಅಭಿಪ್ರಾಯ. ಹಾಗೆ ನಮಗೆ ತೋರಲು ಕಾರಣ ಆ ಹುಡುಗನ ಒಂದು ಮಾತು.

ಸಂಜೆ ತೋಟದ ಕಡೆ ನಡೆಯುತ್ತ ನಾವು ಅವನನ್ನು ಕೇಳಿದೆವು: ಅಷ್ಟೊಂದು ದುಃಖವಾದದ್ದು ಆರ್ಥರ್ ಸತ್ತದ್ದಕ್ಕೋ? "ಸತ್ತದ್ದಕ್ಕಲ್ಲ ಸಾರ್" ಎಂದ. "ಅವನು ಸಾಯೋವಾಗ ಆ ರೈತ ಜ್ಞಾಪಕಕ್ಕೆ ಬಂದ. ಆವತ್ತು ಹೊಡೆದದ್ದು ನಾನೇ ಅಲ್ವಾ? ಬೇರೆ ದಾರಿ ಇರಲಿಲ್ಲ. ಗುಂಡಿ ಒತ್ತದಿದ್ದರೆ ಆಟ ಮುಂದಕ್ಕೆ ಹೋಗೋದಿಲ್ಲ."

ಹರಿಶ್ಚಂದ್ರನು ಕತ್ತಿಯೆತ್ತುವಾಗ ಪ್ರೇಕ್ಷಕನ ಕೈ ಅವನ ಮಡಿಲಲ್ಲಿಯೇ ಇರುತ್ತದೆ. ಆಟದಲ್ಲಿ ಕತ್ತಿ ಪ್ರೇಕ್ಷಕನ ಬೆರಳಿನಲ್ಲಿ. ಕರುಣೆಯ ಜೊತೆಗೆ ಅಲ್ಲಿ ಇನ್ನೊಂದು ಭಾವ ಸೇರುತ್ತದೆ. ಅದಕ್ಕೆ ಪಶ್ಚಾತ್ತಾಪವೆಂದೇ ಹೆಸರು. ಸಾವಿರ ನಾಟಕಗಳನ್ನು ನೋಡಿದವನಿಗೂ ರಂಗದ ಮುಂದೆ ಈ ಭಾವ ಬರುವ ಕಾರಣವಿಲ್ಲ.

ಇದು ಬರಿಯ ಕಲ್ಪನೆಯಲ್ಲ. ಲಂಡನ್ನಿನ ಪ್ಯಾಟ್ರಿಕ್ ಹ್ಯಾಗರ್ಡ್ ಮತ್ತು ಸಂಗಡಿಗರು ೨೦೦೨ರಲ್ಲಿ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಕುಳಿತವನು ತನ್ನ ಇಚ್ಛೆಯಿಂದ ಒಂದು ಗುಂಡಿ ಒತ್ತುತ್ತಾನೆ. ಕಾಲು ಸೆಕೆಂಡಿನ ತರುವಾಯ ಒಂದು ಸದ್ದಾಗುತ್ತದೆ. ಎರಡೂ ಯಾವಾಗ ಆದುವೆಂದು ಎದುರಿನ ಗಡಿಯಾರದ ಮುಳ್ಳನ್ನು ನೋಡಿ ಹೇಳಬೇಕು. ತಾನಾಗಿ ಒತ್ತಿದವನಿಗೆ ಒತ್ತಿದ್ದೂ ಸದ್ದಾದದ್ದೂ ನಿಜಕ್ಕಿಂತ ಹತ್ತಿರ ಬಂದಂತೆ ತೋರಿತು. ಮಿದುಳಿಗೆ ಕಾಂತೀಯ ಪ್ರಚೋದನೆ ಕೊಟ್ಟು ಬೆರಳನ್ನು ತಾನಾಗಿ ಅಲುಗುವಂತೆ ಮಾಡಿದಾಗಲಾದರೋ ಅವೆರಡೂ ದೂರ ಸರಿದಂತೆ ತೋರಿದುವು. ಅಂದರೆ 'ನಾನು ಮಾಡಿದೆ' ಎಂಬ ಭಾವವು ಕಾರ್ಯವನ್ನೂ ಫಲವನ್ನೂ ಒಂದಕ್ಕೊಂದು ಕಟ್ಟುತ್ತದೆ. ೨೦೧೬ರಲ್ಲಿ ಕ್ಯಾಸ್ಪಾರ್ ಎಂಬಾಕೆ ಹ್ಯಾಗರ್ಡ್ ಮುಂತಾದವರೊಡನೆ ಇನ್ನೂ ಮುಂದೆ ಹೋದಳು. ಗುಂಡಿ ಒತ್ತಿದರೆ ಎದುರಿಗಿರುವವರಿಗೆ ನೋವೋ ಹಣದ ನಷ್ಟವೋ ಆಗುವ ಏರ್ಪಾಡು ಅದು. ಸ್ವಂತ ನಿರ್ಧಾರದಿಂದ ಒತ್ತಿದವರಿಗಿಂತ, ಆಜ್ಞೆಯ ಮೇರೆಗೆ ಒತ್ತಿದವರಿಗೆ ಆ ನಡುವಣ ಕಾಲ ಹೆಚ್ಚಾಗಿ ತೋರಿತು. 'ಹೇಳಿದರು, ಮಾಡಿದೆ' ಎಂಬುದು ನುಣುಚಿಕೊಳ್ಳುವ ಮಾತು ಮಾತ್ರವಲ್ಲ. ಆಜ್ಞೆಗೆ ತಲೆಬಾಗಿದವನಿಗೆ ತನ್ನ ಕೃತ್ಯವೇ ದೂರದ್ದಾಗಿ ಕಾಣುತ್ತದೆ.

ಇನ್ನು, ಎದುರಿಗಿರುವುದು ಬರಿಯ ಬಿಂಬವೆಂದು ತಿಳಿದಿದ್ದರೂ ದೇಹ ಸುಮ್ಮನಿರುವುದಿಲ್ಲ. ಮೆಲ್ ಸ್ಲೇಟರ್ ಮುಂತಾದವರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಣಕಯಂತ್ರವು ಸೃಷ್ಟಿಸಿದ ಹೆಂಗಸಿನ ಬಿಂಬವೊಂದು ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವಳಿಗೆ 'ವಿದ್ಯುದಾಘಾತ' ಕೊಡಬೇಕಾಗಿತ್ತು. ಆಕೆ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಹಾಗಿದ್ದೂ ಅವಳನ್ನು ಕಂಡು ಕೇಳುತ್ತಿದ್ದ ೨೩ ಮಂದಿಯ ಹೃದಯದ ಬಡಿತವೂ ಚರ್ಮದ ಬೆವರೂ ನಿಜವಾದ ಕಳವಳವನ್ನೇ ತೋರಿದುವು. ಕೆಲವರು ನಡುವೆಯೇ ನಿಲ್ಲಿಸಿಬಿಟ್ಟರು.

ಆಟ ಕಟ್ಟುವವರು ಇದನ್ನೆಲ್ಲ ಪುಸ್ತಕದಿಂದ ಕಲಿತರೋ ಅನುಭವದಿಂದಲೋ, ಅಂತೂ ಬಲ್ಲರು. ೨೦೦೨ರಲ್ಲಿ ಚೆಕ್ ದೇಶದಿಂದ ಬಂದ 'ಮಾಫಿಯಾ' ಎಂಬ ಆಟದಲ್ಲಿ ಆಡುವವನು ಟಾಮಿ ಆಂಜೆಲೋ ಎಂಬ ಟ್ಯಾಕ್ಸಿ ಚಾಲಕನಾಗಿ ಪಾತಕಿಗಳ ಗುಂಪಿಗೆ ಬೀಳುತ್ತಾನೆ; ಕೊನೆಗೆ ಸಾಕ್ಷಿ ನುಡಿದು ಗುಂಪನ್ನು ತೊರೆಯುತ್ತಾನೆ. ವರ್ಷಗಳು ಕಳೆದು ಮುಪ್ಪಾದಾಗ ಇಬ್ಬರು ಅಪರಿಚಿತರು ಮನೆಗೆ ಬಂದು ಅವನನ್ನು ಕೊಲ್ಲುತ್ತಾರೆ. ೨೦೧೦ರಲ್ಲಿ 'ಮಾಫಿಯಾ ೨' ಬಂದಿತು. ಅದರಲ್ಲಿ ಒಂದು ಘಟ್ಟದಲ್ಲಿ ಆಡುವವನು ಗೆಳೆಯನನ್ನು ಕಾರಿನಲ್ಲಿ ಕೂರಿಸಿಕೊಂಡು ಯಾವುದೋ ಮನೆಗೆ ಹೋಗಬೇಕು. ಅಂಗಳದಲ್ಲೊಬ್ಬ ಮುದುಕ. ಅವನೇ ಟಾಮಿ. ಎಂಟು ವರ್ಷದ ಹಿಂದೆ ತಾನೇ ಆಗಿದ್ದವನನ್ನು ಕೊಲ್ಲಲು ಈಗ ತಾನೇ ಕಾರು ಓಡಿಸಿಕೊಂಡು ಬಂದಂತಾಯಿತು! ಗುಂಡು ಹಾರಿಸುವವನು ಗೆಳೆಯ. ಆದರೆ ಕೊಲೆಗೆ ದಾರಿ ತೋರಿಸಿದ ಕೈ ಯಾರದು? ಇಂಥ ಒಂದು ದೃಶ್ಯವನ್ನು ಕಟ್ಟಲು ಬೇರೆ ಯಾವ ಕಲೆಗೂ ಸಾಧ್ಯವಿಲ್ಲವೆಂದು ಹೇಳಿದರೆ ಅತ್ಯುಕ್ತಿಯಾಗದು.

ಇಷ್ಟು ಹೊಗಳಿದ ಮೇಲೆ ದೂರನ್ನೂ ಹೇಳಬೇಕು. "ಒಟ್ಟು ಎಷ್ಟು ಜನರನ್ನು ಕೊಂದೆ?" ಎಂದು ಹುಡುಗನನ್ನು ಕೇಳಿದೆವು. ಅವನು ನಕ್ಕು "ಲೆಕ್ಕ ಇಟ್ಟಿಲ್ಲ ಸಾರ್" ಎಂದ. ಆ ನಗೆಯೇ ನಮಗೆ ಕಣ್ಣೀರಿಗಿಂತ ಹೆಚ್ಚು ಚಿಂತೆಯನ್ನುಂಟುಮಾಡಿತು. ಹೆಸರುಳ್ಳ ಒಬ್ಬ ರೈತನಿಗಾಗಿ ಅತ್ತ ಕಣ್ಣು, ಹೆಸರಿಲ್ಲದ ನೂರಾರು ಜನ ಕುದುರೆಯಿಂದುರುಳಿದಾಗ ರೆಪ್ಪೆ ಬಡಿಯಲಿಲ್ಲ. ಇಂಥ ಆಟಗಳಿಂದ ಹುಡುಗರು ಕ್ರೂರಿಗಳಾಗುವರೆಂಬ ಹಳೆಯ ಕೂಗನ್ನು ನಾವು ಇಲ್ಲಿ ಎತ್ತುತ್ತಿಲ್ಲ; ೨೦೧೯ರಲ್ಲಿ ಆಕ್ಸ್‌ಫರ್ಡಿನವರು ಬ್ರಿಟನ್ನಿನ ಹದಿನಾಲ್ಕು ಹದಿನೈದರ ಮಕ್ಕಳನ್ನು ಪರಿಶೀಲಿಸಿದಾಗ ಅಂಥ ಸಂಬಂಧ ಕಾಣಲಿಲ್ಲ. ೨೦೧೦ರಲ್ಲಿ ಹಾರ್ಟ್‌ಮನ್ ಮತ್ತು ಸಂಗಡಿಗರು ತೋರಿಸಿದ್ದೇನೆಂದರೆ, ನ್ಯಾಯವಾದ ಕಾರಣವಿಲ್ಲದ ಹಿಂಸೆಯನ್ನು ಆಟದಲ್ಲಿ ಮಾಡಿದವರಿಗೆ, ಅದರಲ್ಲೂ ಸಹಾನುಭೂತಿಯುಳ್ಳವರಿಗೆ, ತಪ್ಪಿತಸ್ಥ ಭಾವ ಹೆಚ್ಚು. ತಿರುಗಿಸಿ ನೋಡಿದರೆ, ಕಾರಣವೊಂದನ್ನು ಕೈಗಿಟ್ಟರೆ ಆ ಭಾವ ಇಳಿಯುತ್ತದೆ. ಆಟವು ಯಾರಿಗೆ ಹೆಸರು ಕೊಟ್ಟಿತೋ ಅವರಿಗೆ ಮಾತ್ರ ನಮ್ಮ ಕರುಣೆ ಸಲ್ಲುವುದಾದರೆ, ಆ ಕರುಣೆಯ ಕಡಿವಾಣ ನಮ್ಮ ಕೈಯಲ್ಲಿಲ್ಲ.

ಒಂದು ವಿಷಯವನ್ನು ಮಾತ್ರ ಆ ಆಟದ ಕರ್ತೃಗಳ ಪರವಾಗಿ ಹೇಳಲೇಬೇಕು. ಹೊಡೆಯುವುದು ಅಲ್ಲಿ ಬಲವಂತ. ಆದರೆ ಮುಂದೆ ಆ ರೈತನ ವಿಧವೆಗೆ ನೆರವಾಗುವುದು ಆಡುವವನ ಇಚ್ಛೆಗೆ ಬಿಟ್ಟದ್ದು. ನೆರವಾಗದೆಯೂ ಕಥೆ ಮುಗಿಯುತ್ತದೆ. ಹುಡುಗ ಆಕೆಯನ್ನು ಹುಡುಕಿಕೊಂಡು ಹೋಗಿ ಹಣ ಕೊಟ್ಟಿದ್ದನಂತೆ. ಕಣ್ಣೀರಿಗಿಂತ ಆ ಪಯಣಕ್ಕೆ ನಾವು ಹೆಚ್ಚಿನ ಬೆಲೆ ಕಟ್ಟುವೆವು.

ಆ ರಾತ್ರಿ ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತು, "ಅದೇನು ಕಥೆ ಹೇಳಪ್ಪ, ಕೇಳೋಣ" ಎಂದರು. ಹುಡುಗ ಹೇಳಿದ. ಸಾಲ, ಹೊಡೆತ, ಕೆಮ್ಮು, ರಕ್ತ, ಎಲ್ಲವನ್ನೂ ಹೇಳಿ, "ಮಾಡಿದ ಪಾಪ ಅವನಿಗೇ ಅಂಟಿಕೊಂಡಿತು ಅಜ್ಜಿ, ಟಿ.ಬಿ. ಬಂತು" ಎಂದು ಮುಗಿಸಿದ. ಅಜ್ಜಿಯ ಕೈ ನಿಂತಿತು.

"ನಿಮ್ಮ ತಾತಂಗೂ ಅದೇ ಬಂದಿದ್ದು. ಅವರು ಯಾರಿಗೆ ಹೊಡೆದಿದ್ರು?"

ಹುಡುಗನಿಗೆ ಈ ಸಂಗತಿ ತಿಳಿದೇ ಇರಲಿಲ್ಲ. ತಾತ ಎದೆನೋವಿನಿಂದ ತೀರಿಕೊಂಡರೆಂದೇ ಮನೆಯಲ್ಲಿ ಹೇಳುತ್ತ ಬಂದಿದ್ದರು.

ಆಟದ ಅತ್ಯಂತ ಮನಕರಗಿಸುವ ಕಲ್ಪನೆಯಲ್ಲಿಯೇ ಅಡಗಿದ್ದ ದೋಷವನ್ನು ಅಜ್ಜಿ ಒಂದೇ ಮಾತಿನಲ್ಲಿ ಹಿಡಿದಿದ್ದರು. ೧೮೮೨ರಲ್ಲಿ ರಾಬರ್ಟ್ ಕಾಖ್ ಕಂಡುಹಿಡಿದ ಆ ಸೂಕ್ಷ್ಮಜೀವಿಗೆ ಪಾಪಪುಣ್ಯಗಳ ವಿಚಾರ ತಿಳಿಯದು. ರೋಗಿಯ ಉಸಿರಿನಿಂದ, ಕೆಮ್ಮಿನಿಂದ ಗಾಳಿಗೆ ಸೇರಿ, ಹತ್ತಿರವಿದ್ದವರ ಪುಪ್ಪುಸವನ್ನು ಹೊಗುತ್ತದೆ. ಹೊಡೆದವನನ್ನೂ ಹೊಗುತ್ತದೆ, ಹಾಸಿಗೆಯ ಬಳಿ ಕುಳಿತು ಗಂಜಿ ಕುಡಿಸಿದವಳನ್ನೂ ಹೊಗುತ್ತದೆ. ಹೊಕ್ಕವರಲ್ಲೆಲ್ಲ ರೋಗವಾಗುವುದೂ ಇಲ್ಲ. ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೊಮ್ಮೆ ಆಗುವುದು. ೧೮೯೯ರಲ್ಲಿ ಅದಕ್ಕೆ ಮದ್ದಿರಲಿಲ್ಲ. ಇಂದು ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆಯಿಂದ ಗುಣವಾಗುತ್ತದೆ. ರೋಗವನ್ನು ದಂಡನೆಯೆಂದು ಬಗೆಯುವ ಕಥೆ ಎಷ್ಟೇ ಸುಂದರವಾಗಿರಲಿ, ರೋಗಿಯನ್ನು ಅಪರಾಧಿಯ ಜಾಗದಲ್ಲಿ ನಿಲ್ಲಿಸುತ್ತದೆ. ಈ ಮನೆಯವರು ತಾತನ ಕಾಯಿಲೆಯ ಹೆಸರನ್ನು ಇಷ್ಟು ವರ್ಷ ಮುಚ್ಚಿಟ್ಟದ್ದು ಇನ್ನೇತಕ್ಕೆ?

ಅಜ್ಜಿ ಮೆಲ್ಲಗೆ ಉಳಿದುದನ್ನೂ ಹೇಳಿದರು. ತಾತ ಎರಡು ಸಲ ಆಸ್ಪತ್ರೆಗೆ ಹೋಗಿದ್ದರಂತೆ. ಎರಡು ಸಲವೂ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳುಹಿಸಿದರಂತೆ. ನೆಂಟರು ಬಂದರೂ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲವಂತೆ.

ನಮಗೆ ಇದು ಹೊಸ ಕಥೆಯಲ್ಲ. ಬೆಂಗಳೂರಿನಲ್ಲಿ ೧೯೫೯ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದಾಗ ಅದರ ಮೊದಮೊದಲ ಸಮೀಕ್ಷೆಗಳು ನಡೆದದ್ದು ಇದೇ ತುಮಕೂರು ಜಿಲ್ಲೆಯಲ್ಲಿ. ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇಲ್ಲಿಯ ರೋಗಿಗಳನ್ನು ಮಾತನಾಡಿಸಿ ೧೯೬೩ರಲ್ಲಿ ಪ್ರಕಟಿಸಿದ ಅಧ್ಯಯನವು ವೈದ್ಯಲೋಕದಲ್ಲಿ ಪ್ರಸಿದ್ಧವಾಗಿದೆ. ಹಳ್ಳಿಗರು ಅಜ್ಞಾನಿಗಳು, ರೋಗವನ್ನು ಅಲಕ್ಷಿಸುವರು ಎಂಬುದು ಅಂದಿನ ತಿಳಿವಳಿಕೆ. ಅವರು ಕಂಡದ್ದು ಬೇರೆ. ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮಿನ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಬಹುವಾಗಿ ಕೆಮ್ಮಿನ ಔಷಧ.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ತಾತನ ಫೋಟೋ ಏನಾದರೂ ಇದೆಯೇ ಎಂದು ಕೇಳಿದ. ಅಟ್ಟದ ಮೇಲೆ ಹಳೆಯ ಪೆಟ್ಟಿಗೆಯಲ್ಲಿ ಒಂದಿರಬೇಕೆಂದು ಅಜ್ಜಿ ಹೇಳಿದರು. ಅದು ಕಾಯಿಯ ಅಡಿಯಲ್ಲಿ ಸಿಕ್ಕಿಕೊಂಡಿದೆ, ಕೊಬ್ಬರಿಗೆ ಇಳಿಸಿದಾಗ ತೆಗೆಯೋಣವೆಂದರು. ಹುಡುಗ ಎದ್ದು ಏಣಿ ತರಲು ಹೋದ.