ಮಡುವಿನ ತಳದಲ್ಲಿ ಸಾಕ್ಷಿ ಯಾರು?

ರಾಬರ್ಟ್ ಜೆಮೆಕಿಸ್ ನಿರ್ದೇಶನದ ‘ಬೆಯೊವುಲ್ಫ್’ (2007) ಚಿತ್ರದ ಮಾತು ಬಂದಾಗಲೆಲ್ಲ ಕೇಳಿಬರುವ ಆರೋಪವೆಂದರೆ, ಅದಕ್ಕೆ ಮೂಲದ ಬಗ್ಗೆ ನಿಷ್ಠೆಯಿಲ್ಲ ಎಂಬುದು. ನನ್ನ ಪ್ರಕಾರ ಇದು ಸೋಮಾರಿ ಆರೋಪ. ಚಿತ್ರ ಸೋತಿರುವ ಜಾಗವೇ ಬೇರೆ.

3182 ಸಾಲುಗಳ ಈ ಹಳೆಯ ಇಂಗ್ಲಿಷ್ ಕಾವ್ಯ ಉಳಿದು ಬಂದಿರುವುದು ಸುಮಾರು ಸಾವಿರ ವರ್ಷ ಹಳೆಯದಾದ ಒಂದೇ ಒಂದು ಹಸ್ತಪ್ರತಿಯಲ್ಲಿ. ಡೆನ್ಮಾರ್ಕಿನ ದೊರೆ ಹ್ರಾತ್‌ಗಾರನ ಸಭಾಭವನಕ್ಕೆ ರಾತ್ರಿ ನುಗ್ಗಿ ಜನರನ್ನು ತಿನ್ನುತ್ತಿದ್ದ ಗ್ರೆಂಡೆಲನನ್ನು ಬೆಯೊವುಲ್ಫ್ ಕೊಲ್ಲುತ್ತಾನೆ. ಆಮೇಲೆ ಮಡುವಿನ ತಳಕ್ಕಿಳಿದು ಅವನ ತಾಯಿಯನ್ನೂ ಕೊಲ್ಲುತ್ತಾನೆ. ಮುಪ್ಪಿನಲ್ಲಿ ಡ್ರ್ಯಾಗನ್ ಜೊತೆ ಕಾದಿ ಸಾಯುತ್ತಾನೆ. ನೀಲ್ ಗೇಮನ್ ಮತ್ತು ರೋಜರ್ ಅವರಿ ಬರೆದ ಚಿತ್ರಕಥೆಯಲ್ಲಿ ಅವನು ತಾಯಿಯನ್ನು ಕೊಲ್ಲುವುದೇ ಇಲ್ಲ. ರಾಜ್ಯ, ಕೀರ್ತಿಗಳ ಆಸೆಗೆ ಅವಳನ್ನು ಕೂಡಿ, ಕೊಂದೆನೆಂದು ಊರಿಗೆಲ್ಲ ಸುಳ್ಳು ಹೇಳುತ್ತಾನೆ. ಇಲ್ಲಿ ಗ್ರೆಂಡೆಲ್ ಹ್ರಾತ್‌ಗಾರನದೇ ಮಗ. ಡ್ರ್ಯಾಗನ್ ಬೆಯೊವುಲ್ಫನ ಮಗ.

ಇದು ಕಾವ್ಯಕ್ಕೆ ಬಗೆದ ದ್ರೋಹವೇ? ಕಾವ್ಯವನ್ನೇ ತೆರೆದು ನೋಡಿ. ನೀರಿನಡಿಯ ಕಾಳಗವನ್ನು ಕಂಡ ಇನ್ನೊಬ್ಬ ಮನುಷ್ಯನಿಲ್ಲ. ಅವನು ಮೇಲೆ ತರುವುದು ಮಗನ ತಲೆ ಮತ್ತು ಒಂದು ಕತ್ತಿಯ ಹಿಡಿ; ತಾಯಿಯ ತಲೆ ಅಲ್ಲೇ ಉಳಿಯುತ್ತದೆ. ಊರಿಗೆ ಮರಳಿ ತನ್ನ ದೊರೆಗೆ ಸಾಹಸ ವಿವರಿಸುವಾಗ, ನಿರೂಪಕ ಮೊದಲು ಹೇಳದಿದ್ದ ಸಂಗತಿಗಳೂ ಸೇರಿಕೊಳ್ಳುತ್ತವೆ. ಅವಳು ಸತ್ತಳೆಂದು ನಿರೂಪಕ ಸ್ಪಷ್ಟವಾಗಿಯೇ ಹೇಳುತ್ತಾನೆ, ನಿಜ. ಆದರೆ ವೀರನ ಮಾತಿಗೆ ಸಾಕ್ಷಿ ಯಾರು ಎಂದು ಕೇಳಲು ಕಾವ್ಯದಲ್ಲೇ ಜಾಗವಿದೆ. ಚಿತ್ರ ಅದನ್ನು ಕೇಳಿತು. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ ಪಂಪನನ್ನು ಆದಿಕವಿ ಎನ್ನುವ ನಾವು, ಕಥೆ ಬದಲಿಸಿದ್ದನ್ನೇ ಅಪರಾಧ ಎನ್ನುವುದು ಹೇಗೆ?

ಬದಲಾವಣೆಯಲ್ಲಿ ಏನು ಕಳೆದುಹೋಯಿತು ಎಂಬುದು ಸರಿಯಾದ ಪ್ರಶ್ನೆ. ಕಾವ್ಯದ ತಾಯಿ ಮಗನ ಸೇಡಿಗೆ ಬರುತ್ತಾಳೆ. ದೊರೆಯ ಪ್ರೀತಿಯ ಮಂತ್ರಿಯೊಬ್ಬನನ್ನು ಕೊಂದು, ವಿಜಯದ ಗುರುತಾಗಿ ಇರಿಸಿದ್ದ ಮಗನ ತೋಳನ್ನು ಎತ್ತಿಕೊಂಡು ಹೋಗುತ್ತಾಳೆ. ಜೀವಕ್ಕೆ ಜೀವ ಎಂಬುದು ಆ ವೀರರದೇ ಕಾನೂನು. ರಾಕ್ಷಸಿ ಎನಿಸಿಕೊಂಡವಳೂ ಅದೇ ಕಾನೂನಿನಂತೆ ನಡೆದಾಗ ಓದುಗರು ತಬ್ಬಿಬ್ಬಾಗುತ್ತಾರೆ.

ಚಿತ್ರದಲ್ಲಿ ಒಂದು ಗಳಿಗೆ ಮಾತ್ರ ಅವಳ ಅಳಲು ಕೇಳಿಸುತ್ತದೆ. ಅಷ್ಟರಲ್ಲಿ ಅವಳು ಒಬ್ಬನನ್ನಲ್ಲ, ಒಂದು ಭವನದ ತುಂಬ ಮಲಗಿದ್ದವರನ್ನು ಕೊಂದಿರುತ್ತಾಳೆ. ಆಮೇಲೆ ನೀರಿನಿಂದ ಏಂಜಲೀನಾ ಜೋಲಿಯ ರೂಪದಲ್ಲಿ, ಚಿನ್ನ ಸುರಿಯುವ ನಗ್ನ ಮೈಯಲ್ಲಿ, ಹೈಹೀಲ್ಸ್‌ನಂತೆ ಬೆಳೆದ ಪಾದಗಳಲ್ಲಿ ಎದ್ದು ಬರುತ್ತಾಳೆ. ಹೋದ ಮಗನ ಬದಲಿಗೆ ಇನ್ನೊಬ್ಬ ಮಗನನ್ನು ಕೊಡು ಎನ್ನುತ್ತಾಳೆ. ಸತ್ತ ಮಗನ ಜಾಗ ತುಂಬಿದರೆ ವ್ಯವಹಾರ ಮುಗಿಯಿತು! ಗಂಡಸರ ಸುಳ್ಳನ್ನು ಬಯಲು ಮಾಡಲು ಹೊರಟ ಚಿತ್ರ, ಆ ಸುಳ್ಳಿನ ಹೊಣೆಯನ್ನು ಹೆಣ್ಣಿನ ಮೋಹದ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುತ್ತದೆ.

ನಟರ ಚಲನೆಯನ್ನು ಕಂಪ್ಯೂಟರಿಗಿಳಿಸಿ ರೂಪಿಸಿದ ಆ ಮುಖಗಳ ಕಣ್ಣುಗಳಲ್ಲಿ ಜೀವವಿಲ್ಲ ಎಂದು ಅನೇಕರು ದೂರಿದ್ದಾರೆ. ಅದು ತಂತ್ರಜ್ಞಾನದ ಮಿತಿ, ಕ್ಷಮಿಸಬಹುದು. ತಾಯಿಯ ದುಃಖವನ್ನು ಅಳಿಸಿದ್ದು ಆಯ್ಕೆ. ಆದರೂ ಈ ಚಿತ್ರವನ್ನು ನೋಡಿ, ಕಾವ್ಯವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ವೀರನನ್ನು ಅನುಮಾನಿಸಲು ಅದು ಕಲಿಸುತ್ತದೆ. ಆ ಅನುಮಾನವನ್ನು ಚಿತ್ರದ ಮೇಲೂ ತಿರುಗಿಸುವುದು ನಮ್ಮ ಕೆಲಸ.